‘ಎದ್ದರು’ ಗೊತ್ತಿದ್ದರೆ ‘ಎದ್ದರೆ’ ಗೊತ್ತು: ಸ್ಪ್ಯಾನಿಷ್‌ನ ‘ಮೆ ಲೆಬಂತಾರ’ ಕಲಿಯುವ ದಾರಿ

ಹೋದ ವರ್ಷ ಕಕ್ಕಡದ ಮಳೆಯಲ್ಲಿ ನಮ್ಮ ಹೋಂಸ್ಟೇಗೆ ಕೊಲಂಬಿಯಾದಿಂದ ಗಂಡ ಹೆಂಡತಿ ಬಂದಿದ್ದರು. ಅಲ್ಲಿ ಅವರದ್ದೂ ಕಾಫಿ ತೋಟ. ಮಡಿಕೇರಿ ಕಡೆಯ ಮಳೆಗಾಲ ಗೊತ್ತಲ್ವಾ, ಜುಲೈ ಕೊನೆಗೆ ಮನೆಯಿಂದ ಹೊರಗೆ ಕಾಲಿಡುವ ಹಾಗಿರುವುದಿಲ್ಲ, ಒಲೆ ಮುಂದೆ ಕೂತು ಕರಿಕಾಫಿ ಕುಡಿಯುತ್ತಾ ಮಾತಾಡುವುದೇ ಕೆಲಸ. ನಾನು ಆಗ ಎರಡು ವರ್ಷದಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೆ. ಅಷ್ಟರಲ್ಲಿ ಅಜ್ಜ ತೋಟದಿಂದ ಬಂದರು, ನೆನೆದು ತೊಪ್ಪೆಯಾಗಿದ್ದರು. ‘ಅಜ್ಜ, ಒಲೆ ಹತ್ರ ಕೂತ್ಕೊಳ್ಳಿ’ ಅಂದೆ. ಏನು ಹೇಳಿದೆ ಅಂತ ಅತಿಥಿಗಳಿಗೂ ತಿಳಿಯಲಿ ಅಂತ ಸ್ಪ್ಯಾನಿಷ್‌ನಲ್ಲಿ ಹೇಳಿದೆ: ‘ಲೆ ದೀಹೆ ಅ ಮಿ ಅಬ್ವೇಲೊ ಕೆ ಸೆಂತಾರ.’

ಆಕೆ ಕಪ್ ಕೆಳಗಿಟ್ಟು ನನ್ನ ಮುಖ ನೋಡಿ ಕೇಳಿದರು, ‘ಅ ಕ್ಯೇನ್?’ ಅಂದರೆ, ಯಾರನ್ನು?

ನಾನು ಬಿಟ್ಟಿದ್ದು ಒಂದೇ ಒಂದು ಅಕ್ಷರ, ‘ಸೆ’. ಅದು ಬಿಟ್ಟುಹೋದದ್ದಕ್ಕೆ ‘ಕೂತುಕೊಳ್ಳಿ ಅಂತ ಅಜ್ಜನಿಗೆ ಹೇಳಿದೆ’ ಅನ್ನುವುದು ‘ಕೂರಿಸಿ ಅಂತ ಅಜ್ಜನಿಗೆ ಹೇಳಿದೆ’ ಆಗಿಬಿಟ್ಟಿತ್ತು. ಯಾರನ್ನು ಕೂರಿಸುವುದು ಅಂತ ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಆ ಸಂಜೆ ಅದರ ಬಗ್ಗೆಯೇ ಯೋಚನೆ ಮಾಡಿದೆ. ಆಗ ಗೊತ್ತಾಗಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ಪ್ಯಾನಿಷ್ ಕಲಿಯುವವರೆಲ್ಲ ಹೆದರುವ ಈ ಪಾಠ, ಅಂದರೆ ರಿಫ್ಲೆಕ್ಸಿವ್ ಕ್ರಿಯಾಪದವನ್ನು (ಕೆಲಸ ಮಾಡಿದವರಿಗೇ ತಿರುಗುವ ಮಾತು) ಇಂಪರ್ಫೆಕ್ಟ್ ಸಬ್ಜಂಕ್ಟಿವ್‌ಗೆ (ಆಗದ ಮಾತು, ಆಸೆ, ಅಪ್ಪಣೆ ಇಂಥದ್ದಕ್ಕೆ ಬಳಸುವ, ಕಳೆದ ಕಾಲದಿಂದ ಹುಟ್ಟುವ ರೂಪ) ತಿರುಗಿಸುವುದು, ಕನ್ನಡ ಮಾತಾಡುವವರಿಗೆ ಅಷ್ಟೇನೂ ಹೊಸದಲ್ಲ. ಅದರ ಎರಡೂ ಅರ್ಧ ನಮ್ಮ ಬಾಯಲ್ಲಿ ಆಗಲೇ ಇದೆ.

ಮೊದಲು ಓದುವ ರೀತಿ ಹೇಳಿಬಿಡುತ್ತೇನೆ. ಸ್ಪ್ಯಾನಿಷ್ ಮಾತುಗಳನ್ನು ಲ್ಯಾಟಿನ್ ಅಮೆರಿಕದವರು ಉಚ್ಚರಿಸುವ ಹಾಗೆ ಬರೆದಿದ್ದೇನೆ. ದೀರ್ಘ ಇರುವ ಕಡೆ ಒತ್ತು ಕೊಡಿ. ಸುಮ್ನೆ ಚಂದಕ್ಕೆ ಹಾಕಿದ ದೀರ್ಘ ಅಲ್ಲ ಅದು, ಅದರಲ್ಲೇ ಅರ್ಥ ಇದೆ. ‘ಲೆಬಂತಾರ’ ಅಂದರೆ ನಮಗೆ ಇವತ್ತು ಬೇಕಾದ ರೂಪ. ‘ಲೆಬಂತರಾ’ ಅಂತ ಕೊನೆಯಲ್ಲಿ ಎಳೆದರೆ ‘ಎಬ್ಬಿಸುತ್ತಾನೆ’ ಅಂತ ಮುಂದಿನ ಕಾಲ ಆಗುತ್ತದೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿತರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಈಗ ಮೊದಲ ಅರ್ಧ, ‘ಸೆ’.

ಪಾತ್ರೆ ತೊಳೆದೆ, ಆದರೆ ಕೈ ತೊಳೆದುಕೊಂಡೆ. ಮಗುವಿಗೆ ಸ್ವೆಟರ್ ಹಾಕಿದೆ, ನಾನು ಸ್ವೆಟರ್ ಹಾಕಿಕೊಂಡೆ. ಈ ‘ಕೊ’ ಏನು ಮಾಡುತ್ತದೆ? ಕೆಲಸ ಮಾಡಿದವರಿಗೇ ಕೆಲಸವನ್ನು ತಿರುಗಿಸುತ್ತದೆ. ಸ್ಪ್ಯಾನಿಷ್‌ನ ‘ಸೆ’ ಮಾಡುವುದೂ ಅದನ್ನೇ. ‘ಲಬಾರ್’ ಅಂದರೆ ತೊಳೆ, ‘ಲಬಾರ್ಸೆ’ ಅಂದರೆ ತೊಳೆದುಕೊ. ‘ಪೊನೇರ್’ ಹಾಕು, ‘ಪೊನೇರ್ಸೆ’ ಹಾಕಿಕೊ. ‘ಕೆದಾರ್ಸೆ’ ಉಳಿದುಕೊ. ‘ಅಕೊರ್ದಾರ್ಸೆ’ ನೆನಪು ಮಾಡಿಕೊ.

ಇನ್ನೊಂದು ಗುಂಪು ಇದೆ, ನಾನು ಎಡವಿದ್ದು ಅಲ್ಲೇ. ಕನ್ನಡದಲ್ಲಿ ‘ಏಳು’ ಅನ್ನುವುದು ಚಿಕ್ಕ ಮಾತು, ಇನ್ನೊಬ್ಬರನ್ನು ಏಳುವ ಹಾಗೆ ಮಾಡಿದರೆ ‘ಎಬ್ಬಿಸು’. ಕೂರು, ಕೂರಿಸು. ಮಲಗು, ಮಲಗಿಸು. ನೆನೆ, ನೆನೆಸು. ನಾವು ‘ಇಸು’ ಸೇರಿಸಿ ಇನ್ನೊಬ್ಬರ ಕಡೆ ಹೋಗುತ್ತೇವೆ. ಸ್ಪ್ಯಾನಿಷ್‌ನಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಬರೀ ಮಾತಿನೊಳಗೇ ‘ಇಸು’ ಇರುತ್ತದೆ, ಅದನ್ನು ತೆಗೆಯುವುದಕ್ಕೆ ‘ಸೆ’ ಬೇಕು. ‘ಲೆಬಂತಾರ್’ ಅಂದರೆ ಎಬ್ಬಿಸು, ‘ಲೆಬಂತಾರ್ಸೆ’ ಅಂದರೆ ಏಳು. ‘ಸೆಂತಾರ್’ ಕೂರಿಸು, ‘ಸೆಂತಾರ್ಸೆ’ ಕೂರು. ‘ಅಕೊಸ್ತಾರ್’ ಮಲಗಿಸು, ‘ಅಕೊಸ್ತಾರ್ಸೆ’ ಮಲಗು. ‘ಮೊಹಾರ್’ ನೆನೆಸು, ‘ಮೊಹಾರ್ಸೆ’ ನೆನೆ. ಕನ್ನಡದಲ್ಲಿ ಚಿಕ್ಕದಾಗಿ ಇರುವುದು ಅಲ್ಲಿ ಉದ್ದ, ಅದಕ್ಕೇ ನಮ್ಮವರು ‘ಸೆ’ ಮರೆಯುತ್ತಾರೆ. ಹೊಸ ಕ್ರಿಯಾಪದ ಸಿಕ್ಕಾಗಲೆಲ್ಲ ಅದು ‘ಎಬ್ಬಿಸು’ ಥರದ್ದಾ, ‘ಏಳು’ ಥರದ್ದಾ ಅಂತ ಒಂದು ಸಲ ಕೇಳಿಕೊಳ್ಳಿ.

ನಮ್ಮ ‘ಕೊ’ಗೆ ನಾನು ನೀನು ಅವನು ಅಂತ ಭೇದ ಇಲ್ಲ. ‘ಸೆ’ಗೆ ಇದೆ. ನಾನು ಅಂದರೆ ‘ಮೆ’, ನೀನು ಅಂದರೆ ‘ತೆ’, ಅವನು ಅವಳು ಅಂದರೆ ‘ಸೆ’, ನಾವು ಅಂದರೆ ‘ನೊಸ್’, ಅವರು ಅಂದರೆ ಮತ್ತೆ ‘ಸೆ’. ಸ್ಪೇನ್‌ನಲ್ಲಿ ‘ನೀವೆಲ್ಲ’ ಅಂತ ಸಲಿಗೆಯಿಂದ ಹೇಳುವಾಗ ‘ಒಸ್’ ಬರುತ್ತದೆ, ಲ್ಯಾಟಿನ್ ಅಮೆರಿಕದಲ್ಲಿ ಅದು ಬಳಕೆಯಲ್ಲಿ ಇಲ್ಲ. ದೊಡ್ಡವರಿಗೆ, ಹೊಸಬರಿಗೆ ಹೇಳುವ ‘ಉಸ್ತೇದ್’ ನಮ್ಮ ‘ತಾವು’ ಇದ್ದ ಹಾಗೆ, ಅದಕ್ಕೂ ‘ಸೆ’ಯೇ. ಮನೆಗೆ ಬಂದವರ ಜೊತೆ ನಿಮಗೆ ಜಾಸ್ತಿ ಬೇಕಾಗುವುದು ಇದೇ.

ಎರಡನೇ ಅರ್ಧ ನನಗೆ ತುಂಬಾ ಇಷ್ಟ.

‘ಎದ್ದರು’ ಅನ್ನಿ. ಕೊನೆಯ ‘ಉ’ ತೆಗೆದು ‘ಎ’ ಹಾಕಿ. ‘ಎದ್ದರೆ’. ‘ಹೋದರು’, ‘ಹೋದರೆ’. ‘ಬಿದ್ದರು’, ‘ಬಿದ್ದರೆ’. ‘ಹಾಕಿಕೊಂಡರು’, ‘ಹಾಕಿಕೊಂಡರೆ’. ನೋಡಿ, ಇನ್ನೂ ಆಗದೇ ಇರುವ ಮಾತಿಗೆ ನಾವು ಕಳೆದ ಕಾಲದ ರೂಪವನ್ನು ಎತ್ತಿಕೊಂಡಿದ್ದೇವೆ. ‘ನಾಳೆ ಬೇಗ ಎದ್ದರೆ’ ಅನ್ನುವಾಗ ನಾಳೆ ಇನ್ನೂ ಬಂದಿಲ್ಲ, ಆದರೂ ‘ಎದ್ದ’ ಅಂತ ಹೇಳಿ ಆಗಿದೆ. ಚಿಕ್ಕಂದಿನಿಂದ ಹೀಗೇ ಮಾತಾಡಿ ಅಭ್ಯಾಸ, ಅದಕ್ಕೇ ವಿಚಿತ್ರ ಅನ್ನಿಸುವುದಿಲ್ಲ.

ಸ್ಪ್ಯಾನಿಷ್ ಕೂಡ ಇದನ್ನೇ ಮಾಡುತ್ತದೆ. ‘ಅವರು ಎದ್ದರು’ ಅಂದರೆ ‘ಸೆ ಲೆಬಂತಾರೊನ್’. ಕೊನೆಯ ‘ರೊನ್’ ತೆಗೆದು ‘ರ’ ಹಾಕಿ. ‘ಸೆ ಲೆಬಂತಾರ’. ಮುಗಿಯಿತು, ಅದೇ ಇಂಪರ್ಫೆಕ್ಟ್ ಸಬ್ಜಂಕ್ಟಿವ್. ನಮ್ಮ ‘ರು’ ‘ರೆ’ ಆಗುವ ಹಾಗೆ ಅವರ ‘ರೊನ್’ ‘ರ’ ಆಗುತ್ತದೆ. ಎರಡು ಭಾಷೆಗೂ ಸಂಬಂಧ ಇಲ್ಲ, ದನಿ ಹೀಗೆ ಸೇರಿದ್ದು ಕಾಕತಾಳೀಯ. ಆದರೂ ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

‘ಎದ್ದರೆ’ ಯಾರಿಗಾದರೂ ಒಂದೇ, ಸ್ಪ್ಯಾನಿಷ್‌ನಲ್ಲಿ ಮಾತ್ರ ಬಾಲ ಬದಲಾಗುತ್ತದೆ. ಒಂದು ಸಲ ಪೂರ್ತಿ ಬರೆಯುತ್ತೇನೆ, ಜೋರಾಗಿ ಓದಿ:

ಯೊ ಮೆ ಲೆಬಂತಾರ
ತು ತೆ ಲೆಬಂತಾರಸ್
ಎಲ್ ಸೆ ಲೆಬಂತಾರ
ನೊಸೋತ್ರೊಸ್ ನೊಸ್ ಲೆಬಂತಾರಮೊಸ್
ಬೊಸೋತ್ರೊಸ್ ಒಸ್ ಲೆಬಂತಾರೈಸ್
ಏಯೊಸ್ ಸೆ ಲೆಬಂತಾರನ್

ಒತ್ತು ಆರರಲ್ಲೂ ‘ತಾ’ ಮೇಲೇ ಇದೆ, ಗಮನಿಸಿದಿರಾ? ‘ನಾವು’ ರೂಪದಲ್ಲಿ ಮಾತ್ರ ಸ್ಪ್ಯಾನಿಷ್ ಬರವಣಿಗೆಯಲ್ಲಿ ಆ ಜಾಗಕ್ಕೆ ಒತ್ತಿನ ಗೆರೆ ಹಾಕಲೇಬೇಕು, ಉಳಿದ ಐದಕ್ಕೆ ಬೇಡ. ಇನ್ನೊಂದು ಒಳ್ಳೆಯ ವಿಷಯ. ‘ನಾನು’ ಮತ್ತು ‘ಅವನು’ ಎರಡಕ್ಕೂ ಕ್ರಿಯಾಪದ ‘ಲೆಬಂತಾರ’ ಅಂತಲೇ ಇದೆ, ಬೇರೆ ಕ್ರಿಯಾಪದಗಳಲ್ಲಿ ಇದು ಗೊಂದಲ ಮಾಡುತ್ತದೆ, ಆದರೆ ರಿಫ್ಲೆಕ್ಸಿವ್‌ನಲ್ಲಿ ಮುಂದೆ ನಿಂತ ‘ಮೆ’ ಅಥವಾ ‘ಸೆ’ ಯಾರು ಅಂತ ಹೇಳಿಬಿಡುತ್ತದೆ. ಕಷ್ಟ ಅಂತ ಹೆದರಿಸುವ ಈ ಚಿಕ್ಕ ಅಕ್ಷರವೇ ಇಲ್ಲಿ ಸಹಾಯಕ್ಕೆ ಬರುತ್ತದೆ.

ಈ ರೂಪದಲ್ಲಿ ಇದರ ಜಾಗ ಯಾವಾಗಲೂ ಕ್ರಿಯಾಪದದ ಮುಂದೆ, ಬಿಡಿಯಾಗಿ. ‘ಇಲ್ಲ’ ಅನ್ನುವ ‘ನೊ’ ಬಂದರೆ ಅದು ಇನ್ನೂ ಮುಂದೆ: ‘ಸಿ ನೊ ತೆ ಮೊಹಾರಸ್’, ನೀನು ನೆನೆಯದಿದ್ದರೆ. ಮೊದಲಿನ ‘ಸಿ’ ಅಂದರೆ ‘ಒಂದು ವೇಳೆ’.

ಈ ಸೂತ್ರಕ್ಕೆ ಅಪವಾದ ಇಲ್ಲ. ಒಂದೂ ಇಲ್ಲ. ಸ್ಪ್ಯಾನಿಷ್‌ನಲ್ಲಿ ಹೀಗೆ ಹೇಳಬಹುದಾದ ನಿಯಮ ಕಡಿಮೆ. ನಿಮಗೆ ಗೊತ್ತಿರಬೇಕಾದದ್ದು ‘ಅವರು ಮಾಡಿದರು’ ರೂಪ ಅಷ್ಟೇ, ಅದು ಎಷ್ಟೇ ವಕ್ರವಾಗಿ ಇರಲಿ. ನಮ್ಮಲ್ಲಿ ‘ಹೋಗು’ ‘ಹೋದರು’ ಆಗುತ್ತದೆ, ‘ಬೀಳು’ ‘ಬಿದ್ದರು’ ಆಗುತ್ತದೆ, ಆ ವಕ್ರತೆ ಹಾಗೇ ‘ಹೋದರೆ’, ‘ಬಿದ್ದರೆ’ಗೆ ಬರುತ್ತದೆ. ಅಲ್ಲೂ ಹಾಗೇ. ‘ಈರ್ಸೆ’ ಅಂದರೆ ಹೊರಟುಹೋಗು, ಅದು ‘ಸೆ ಫ್ವೇರೊನ್’, ಆದ್ದರಿಂದ ‘ಮೆ ಫ್ವೇರ’. ‘ಪೊನೇರ್ಸೆ’ ಹಾಕಿಕೊ, ‘ಸೆ ಪುಸ್ಯೇರೊನ್’, ‘ಮೆ ಪುಸ್ಯೇರ’. ‘ಕಏರ್ಸೆ’ ಬೀಳು, ‘ಸೆ ಕಯೇರೊನ್’, ‘ಮೆ ಕಯೇರ’. ‘ದೊರ್ಮೀರ್ಸೆ’ ನಿದ್ದೆ ಹೋಗು, ‘ಸೆ ದುರ್ಮ್ಯೇರೊನ್’, ‘ಮೆ ದುರ್ಮ್ಯೇರ’. ‘ಬೆಸ್ತೀರ್ಸೆ’ ಬಟ್ಟೆ ಹಾಕಿಕೊ, ‘ಸೆ ಬಿಸ್ತ್ಯೇರೊನ್’, ‘ಮೆ ಬಿಸ್ತ್ಯೇರ’.

ಕೊನೆಯ ಎರಡರಲ್ಲಿ ‘ದೊ’ ‘ದು’ ಆಯಿತು, ‘ಬೆ’ ‘ಬಿ’ ಆಯಿತು. ‘ಇರ್’ ಅಂತ ಮುಗಿಯುವ, ಒಳಗಿನ ಸ್ವರ ಬದಲಿಸುವ ಕ್ರಿಯಾಪದಗಳಲ್ಲಿ ಹೀಗಾಗುತ್ತದೆ, ‘ಅರ್’ ಅಂತ ಮುಗಿಯುವುದರಲ್ಲಿ ಆಗುವುದಿಲ್ಲ. ‘ದೆಸ್ಪೆರ್ತಾರ್ಸೆ’ ಅಂದರೆ ಎಚ್ಚರವಾಗು. ಈಗಿನ ಕಾಲದಲ್ಲಿ ಅದು ‘ಮೆ ದೆಸ್ಪ್ಯೇರ್ತೊ’ ಆಗುತ್ತದೆ, ಆ ‘ಪ್ಯೇ’ಯನ್ನು ಇಲ್ಲಿಗೂ ಎಳೆದು ತರುವವರಿದ್ದಾರೆ. ಬೇಡ. ‘ಸೆ ದೆಸ್ಪೆರ್ತಾರೊನ್’, ಹಾಗಾಗಿ ‘ಮೆ ದೆಸ್ಪೆರ್ತಾರ’. ‘ಅವರು’ ರೂಪದಿಂದ ಹೊರಟರೆ ಈ ತಪ್ಪು ಆಗುವುದೇ ಇಲ್ಲ.

‘ಸೆಂತಾರ್ಸೆ’ ಮತ್ತು ‘ಸೆಂತೀರ್ಸೆ’ ಜೋಡಿಯನ್ನೂ ನೋಡಿಬಿಡಿ. ಒಂದು ಕೂರು, ಇನ್ನೊಂದು ಅನ್ನಿಸು. ಈಗಿನ ಕಾಲದಲ್ಲಿ ಎರಡೂ ‘ಮೆ ಸ್ಯೇಂತೊ’, ಕೇಳಿದವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ಸಬ್ಜಂಕ್ಟಿವ್‌ಗೆ ಬಂದರೆ ಬೇರೆಯಾಗುತ್ತವೆ: ‘ಮೆ ಸೆಂತಾರ’ ಕೂತರೆ, ‘ಮೆ ಸಿಂತ್ಯೇರ’ ಅನ್ನಿಸಿದರೆ.

ಇನ್ನು ಎಲ್ಲಿ ಬಳಸಬೇಕು ಅನ್ನುವುದು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಕನ್ನಡ ಇಲ್ಲಿ ಒಂದಷ್ಟು ದೂರ ಮಾತ್ರ ಕೈಹಿಡಿಯುತ್ತದೆ.

ಮೊದಲು ‘ರೆ’. ಮಾಂದಲಪಟ್ಟಿಗೆ ಸೂರ್ಯೋದಯ ನೋಡಲು ಹೋಗಬೇಕು ಅಂತ ಅತಿಥಿಗಳಿಗೆ ಆಸೆ, ಆದರೆ ಎಂಟು ಗಂಟೆಗೆ ಮೊದಲು ಏಳುವವರಲ್ಲ. ಆಗ ಹೇಳುತ್ತೇನೆ: ‘ಸಿ ಸೆ ಲೆಬಂತಾರನ್ ಅ ಲಸ್ ಕ್ವಾತ್ರೊ, ಬೆರೀಯನ್ ಎಲ್ ಅಮನೆಸೇರ್.’ ನಾಲ್ಕಕ್ಕೆ ಎದ್ದರೆ ಸೂರ್ಯೋದಯ ಕಾಣಬಹುದಿತ್ತು. ಏಳುವುದಿಲ್ಲ ಅಂತ ಮನಸ್ಸಿನಲ್ಲಿ ಇದೆ, ಅದಕ್ಕೇ ಸಬ್ಜಂಕ್ಟಿವ್. ಆದರೆ ನಿಜವಾಗಿ ಏಳುವವರಿಗೆ ಹೇಳುವುದಾದರೆ, ಜೀಪು ಹೇಳಿ ಆಗಿದೆ, ಅಲಾರಾಂ ಇಟ್ಟಾಗಿದೆ, ಆಗ ಸಾದಾ ಈಗಿನ ಕಾಲ: ‘ಸಿ ಸೆ ಲೆಬಾಂತನ್.’ ಕನ್ನಡದಲ್ಲಿ ಎರಡಕ್ಕೂ ‘ಎದ್ದರೆ’ ನಡೆಯುತ್ತದೆ. ಆದ್ದರಿಂದ ‘ರೆ’ ಕಂಡಲ್ಲೆಲ್ಲ ‘ರ’ ಹಾಕಬೇಡಿ. ಆಗುವ ಮಾತಾ, ಆಗದ ಮಾತಾ ಅಂತ ನೋಡಿ ಹಾಕಿ. ಇನ್ನು ‘ನಿನ್ನೆ ಎದ್ದಿದ್ದರೆ’ ಅನ್ನುವ ಕೈಮೀರಿದ ಮಾತಿಗೆ ‘ಸಿ ಮೆ ಉಬ್ಯೇರ ಲೆಬಂತಾದೊ’ ಅಂತ ಬೇರೆ ಜೋಡಣೆ ಇದೆ. ಅಲ್ಲೂ ‘ಮೆ’ ಎಲ್ಲಕ್ಕಿಂತ ಮುಂದೆ.

‘ಹಾಗೆ’ ಅನ್ನುವಾಗ ಕನ್ನಡ ಮತ್ತೆ ಪೂರ್ತಿ ಜೊತೆಗೆ ಬರುತ್ತದೆ. ಆಕಾಶ ಕಳಚಿ ಬಿದ್ದ ಹಾಗೆ ಮಳೆ ಸುರಿಯುತ್ತಿತ್ತು: ‘ಯೊಬೀಯ ಕೊಮೊ ಸಿ ಎಲ್ ಸ್ಯೇಲೊ ಸೆ ಕಯೇರ.’ ಆಕಾಶ ಬಿದ್ದಿಲ್ಲ, ಆದರೂ ನಾವು ‘ಬಿದ್ದ ಹಾಗೆ’ ಅಂತ ಕಳೆದ ಕಾಲದಲ್ಲೇ ಹೇಳುತ್ತೇವೆ, ಅವರೂ ಅಲ್ಲಿಂದಲೇ ಎತ್ತುತ್ತಾರೆ. ಈ ಸಾಲನ್ನು ಆ ಕೊಲಂಬಿಯಾದವರಿಗೆ ಹೇಳಿದಾಗ ಇಬ್ಬರೂ ಕಿಟಕಿ ಕಡೆ ನೋಡಿ ತಲೆಯಾಡಿಸಿದರು.

ಆಮೇಲೆ ‘ಅಂತ’. ನಮ್ಮಲ್ಲಿ ಯಾರೋ ಹೇಳಿದ್ದನ್ನು ಹೇಳಿದ ಹಾಗೇ ಇಟ್ಟು ‘ಅಂತ’ ಸೇರಿಸಿಬಿಡುತ್ತೇವೆ: ‘ಕೂತ್ಕೊಳ್ಳಿ ಅಂತ ಹೇಳಿದೆ.’ ಸ್ಪ್ಯಾನಿಷ್‌ನಲ್ಲಿ ಆ ‘ಕೂತ್ಕೊಳ್ಳಿ’ ಹಾಗೇ ಉಳಿಯುವುದಿಲ್ಲ. ಹೇಳಿದ್ದು ಕಳೆದ ಕಾಲದಲ್ಲಿ ಆದರೆ ಒಳಗಿನ ಅಪ್ಪಣೆ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಆಗುತ್ತದೆ. ಹಾಗಾಗಿ ನಾನು ಅವತ್ತು ಹೇಳಬೇಕಾಗಿದ್ದದ್ದು: ‘ಲೆ ದೀಹೆ ಅ ಮಿ ಅಬ್ವೇಲೊ ಕೆ ಸೆ ಸೆಂತಾರ.’ ಇದೇ ಮಾತು ನನಗೆ ಯಾರೋ ಹೇಳಿದ್ದಾದರೆ ‘ಮೆ ದೀಹೊ ಕೆ ಮೆ ಸೆಂತಾರ’. ಎರಡು ‘ಮೆ’ ನೋಡಿ ಒಂದು ಜಾಸ್ತಿ ಆಯಿತು ಅಂತ ತೆಗೆದುಬಿಡಬೇಡಿ. ಮೊದಲನೆಯದು ‘ನನಗೆ’ ಹೇಳಿದರು ಅನ್ನುವ ‘ಮೆ’, ಎರಡನೆಯದು ‘ಕೂತುಕೊ’ದ ಒಳಗಿನ ‘ಮೆ’. ಎರಡೂ ಬೇಕು.

ಜಗಲಿಯಲ್ಲಿ ನನಗೆ ದಿನಾ ಬೇಕಾಗುವ ಸಾಲು ಒಂದಿದೆ. ತೋಟ ಸುತ್ತಿ ಬಂದವರ ಬೂಟಿನಲ್ಲಿ ಜಿಗಣೆ ಇದ್ದೇ ಇರುತ್ತದೆ, ಬೂಟು ಹೊರಗೇ ಬಿಚ್ಚಬೇಕು. ಬಿಚ್ಚಿ ಅಂತ ಕೇಳಿಕೊಳ್ಳುತ್ತಿದ್ದೇನೆ ಅನ್ನುವಾಗ ‘ಲೆಸ್ ಪೀದೊ ಕೆ ಸೆ ಕೀತೆನ್ ಲಸ್ ಬೋತಸ್’. ಬಿಚ್ಚಿ ಅಂತ ನಿನ್ನೆ ಕೇಳಿಕೊಂಡೆ ಅನ್ನುವಾಗ ‘ಲೆಸ್ ಪೆದೀ ಕೆ ಸೆ ಕಿತಾರನ್ ಲಸ್ ಬೋತಸ್’. ಹೊರಗಿನ ಕ್ರಿಯಾಪದ ಹಿಂದಕ್ಕೆ ಹೋದರೆ ಒಳಗಿನದ್ದೂ ಹಿಂದಕ್ಕೆ ಹೋಗುತ್ತದೆ, ಅಷ್ಟೇ ಲೆಕ್ಕ. ಮತ್ತೆ ಬೂಟು, ಕೈ, ತಲೆ ಇಂಥದ್ದಕ್ಕೆ ‘ನಿಮ್ಮ’ ಅಂತ ಸೇರಿಸಬೇಡಿ. ಯಾರದ್ದು ಅಂತ ‘ಸೆ’ ಹೇಳಿ ಆಗಿದೆ. ನಾವೂ ‘ಕೈ ತೊಳ್ಕೊಳ್ಳಿ’ ಅಂತೀವಿ, ‘ನಿಮ್ಮ ಕೈ ತೊಳ್ಕೊಳ್ಳಿ’ ಅನ್ನುವುದು ಕಡಿಮೆ.

‘ಏಳಬೇಕು’ ಅನ್ನುವಾಗ ಒಂದು ಎಚ್ಚರ. ‘ನಾನು ಐದಕ್ಕೆ ಏಳಬೇಕು ಅಂತಿದ್ದೆ’ ಮತ್ತು ‘ನೀನು ಐದಕ್ಕೆ ಏಳಬೇಕು ಅಂತಿದ್ದೆ’. ಕನ್ನಡದಲ್ಲಿ ಎರಡೂ ‘ಏಳಬೇಕು’. ಸ್ಪ್ಯಾನಿಷ್‌ನಲ್ಲಿ ಆಸೆ ಪಟ್ಟವರೂ ಏಳುವವರೂ ಒಬ್ಬರೇ ಆದರೆ ಸಬ್ಜಂಕ್ಟಿವ್ ಬೇಡವೇ ಬೇಡ, ‘ಕೆರೀಯ ಲೆಬಂತಾರ್ಮೆ’ ಅಂತ ಬಾಲಕ್ಕೆ ‘ಮೆ’ ಅಂಟಿಸಿದರೆ ಸಾಕು. ಇಬ್ಬರು ಬೇರೆ ಬೇರೆ ಆದಾಗ ಮಾತ್ರ ‘ಕೆರೀಯ ಕೆ ತೆ ಲೆಬಂತಾರಸ್’. ಯಾರ ಆಸೆ, ಯಾರ ಕೆಲಸ ಅಂತ ವಿಂಗಡಿಸಿಕೊಳ್ಳಿ.

‘ಅದಕ್ಕೋಸ್ಕರ’ ಅನ್ನುವ ‘ಪಾರ ಕೆ’ ಆದಮೇಲೂ ಇದು ಬರುತ್ತದೆ. ಕಾಫಿ ಕುಯ್ಲಿನ ಸಮಯದಲ್ಲಿ ಕಣದ ತುಂಬ ಕಾಫಿ ಹರಡಿರುತ್ತೇವೆ, ಇದ್ದಕ್ಕಿದ್ದ ಹಾಗೆ ಮೋಡ ಕವಿಯುತ್ತದೆ, ಮನೆಯವರೆಲ್ಲ ಟಾರ್ಪಾಲು ಹಿಡಿದು ಓಡುವುದು. ‘ತಪಾಮೊಸ್ ಎಲ್ ಕಫೇ ಪಾರ ಕೆ ನೊ ಸೆ ಮೊಹಾರ.’ ಕಾಫಿ ನೆನೆಯದಿರಲಿ ಅಂತ ಮುಚ್ಚಿದೆವು. ಇಲ್ಲಿ ನೆನೆಯುವುದು ಕಾಫಿ, ಮನುಷ್ಯರಲ್ಲ, ಆದರೂ ‘ಸೆ’ ಬೇಕು. ಬಿಟ್ಟರೆ ಕಾಫಿಯೇ ಯಾರನ್ನೋ ನೆನೆಸಿದ ಹಾಗಾಗುತ್ತದೆ.

ಆಸೆ ಹೇಳಲು ‘ಒಹಲಾ’ ಇದೆ, ಅರಬ್ಬಿಯಿಂದ ಬಂದ ಮಾತು, ದೇವರು ಮನಸ್ಸು ಮಾಡಿದರೆ ಅನ್ನುವ ಅರ್ಥದ್ದು. ‘ಒಹಲಾ ಸೆ ಕೆದಾರನ್ ಉನ್ ದೀಯ ಮಾಸ್.’ ಇನ್ನೊಂದು ದಿನ ಉಳಿದುಕೊಂಡರೆ ಎಷ್ಟು ಚೆನ್ನಾಗಿತ್ತು. ಊಟಕ್ಕೆ ನಿಲ್ಲಿ ಅಂತ ಮೆತ್ತಗೆ ಹೇಳುವುದಕ್ಕೆ ‘ಮೆ ಗುಸ್ತರೀಯ ಕೆ ಸೆ ಕೆದಾರನ್ ಪಾರ ಲ ಸೇನ’. ಕಡಂಬುಟ್ಟು ಬೇಯುತ್ತಿರುವಾಗ ಯಾರೂ ಬೇಡ ಅನ್ನುವುದಿಲ್ಲ, ಆದರೂ ಕರೆಯುವ ರೀತಿಯಲ್ಲಿ ಕರೆಯಬೇಕು.

‘ರ’ ಬದಲು ‘ಸೆ’ ಅಂತ ಮುಗಿಯುವ ಇನ್ನೊಂದು ಸಾಲು ರೂಪಗಳನ್ನೂ ಪುಸ್ತಕಗಳಲ್ಲಿ ನೋಡುತ್ತೀರಿ: ‘ಮೆ ಲೆಬಂತಾಸೆ’, ‘ತೆ ಲೆಬಂತಾಸೆಸ್’, ‘ನೊಸ್ ಲೆಬಂತಾಸೆಮೊಸ್’. ನಮ್ಮ ಕೆಲಸಕ್ಕೆ ಅರ್ಥ ಒಂದೇ, ಎರಡೂ ಸರಿ. ಲ್ಯಾಟಿನ್‌ನಲ್ಲಿ ಇವು ಎರಡು ಬೇರೆ ಬೇರೆ ರೂಪಗಳಾಗಿದ್ದವು. ‘ಅಮಾವೆರಮ್’ ಸವೆದು ‘ಅಮಾರ’ ಆಯಿತು, ‘ಅಮಾವಿಸ್ಸೆಮ್’ ಸವೆದು ‘ಅಮಾಸೆ’ ಆಯಿತು. ‘ಅಮಾವೆರಮ್’ ಅಂದರೆ ‘ಪ್ರೀತಿಸಿದ್ದೆ’, ಪಕ್ಕಾ ಕಳೆದ ಕಾಲ, ‘ರ’ ಯಾಕೆ ಹಿಂದಿನ ಕಾಲಕ್ಕೆ ಅಂಟಿಕೊಂಡಿದೆ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ನೀವು ‘ರ’ ಕಲಿಯಿರಿ, ಮಾತಿನಲ್ಲಿ ಅದೇ ಜಾಸ್ತಿ, ಲ್ಯಾಟಿನ್ ಅಮೆರಿಕದಲ್ಲಂತೂ ಇನ್ನೂ ಜಾಸ್ತಿ. ‘ಸೆ’ ಬಾಲವನ್ನು ಓದಿದಾಗ ಗುರುತು ಹಿಡಿದರೆ ಸಾಕು. ‘ಸೆ ಫ್ವೇಸೆ’ ಅಂತ ಕಂಡರೆ ಮುಂದಿನ ‘ಸೆ’ ನಮ್ಮ ‘ಕೊ’, ಹಿಂದಿನ ‘ಸೆ’ ನಮ್ಮ ‘ರೆ’.

ಅಭ್ಯಾಸಕ್ಕೆ ನಾನು ಮಾಡುವುದು ಇಷ್ಟು. ಮಳೆಗಾಲದ ಬೆಳಗ್ಗೆ ಅಮ್ಮ ಹೇಳುವುದನ್ನೆಲ್ಲ ಬರೆದುಕೊಳ್ಳಿ. ಏಳು. ಸ್ವೆಟರ್ ಹಾಕ್ಕೋ. ನೆನೀಬೇಡ. ಅಂಗಳ ಪಾಚಿ ಕಟ್ಟಿದೆ, ಬೀಳ್ಬೇಡ. ಇದನ್ನು ಸಂಜೆ ಯಾರಿಗೋ ಹೇಳುತ್ತಿದ್ದೀರಿ ಅಂದುಕೊಳ್ಳಿ: ‘ಮಿ ಮಾದ್ರೆ ಮೆ ದೀಹೊ ಕೆ ಮೆ ಲೆಬಂತಾರ, ಕೆ ಮೆ ಪುಸ್ಯೇರ ಎಲ್ ಸ್ವೇತೆರ್, ಕೆ ನೊ ಮೆ ಮೊಹಾರ, ಕೆ ನೊ ಮೆ ಕಯೇರ.’ ನಾಲ್ಕು ಸಲ ಹೇಳಿದರೆ ನಾಲಿಗೆ ತಾನಾಗಿ ತಿರುಗುತ್ತದೆ. ಆಮೇಲೆ ಅದನ್ನೇ ತಂಗಿಗೆ ಹೇಳಿದ್ದು ಅಂತ ಮಾಡಿ, ಮೊದಲ ‘ಮೆ’ ‘ಲೆ’ ಆಗುತ್ತದೆ, ಒಳಗಿನವು ‘ಸೆ’ ಆಗುತ್ತವೆ. ಕೊನೆಗೆ ನಮಗಿಬ್ಬರಿಗೂ ಹೇಳಿದ್ದು ಅಂತ ಮಾಡಿ. ಇದು ಸ್ವಲ್ಪ ಕಷ್ಟ, ‘ನೊ’ ಮತ್ತು ‘ನೊಸ್’ ಪಕ್ಕಪಕ್ಕ ಬರುತ್ತವೆ, ನಿಧಾನಕ್ಕೆ ಹೇಳಿ: ‘ನೊಸ್ ದೀಹೊ ಕೆ ನೊಸ್ ಲೆಬಂತಾರಮೊಸ್, ಕೆ ನೊಸ್ ಪುಸ್ಯೇರಮೊಸ್ ಎಲ್ ಸ್ವೇತೆರ್, ಕೆ ನೊ ನೊಸ್ ಮೊಹಾರಮೊಸ್, ಕೆ ನೊ ನೊಸ್ ಕಯೇರಮೊಸ್.’